ಕಿವಿಗೆ ಸೂಜಿ ಹಾಕಿದರೆ ಹೆಗಲಿನ ಸ್ನಾಯು ಸಡಿಲ ಆಗುತ್ತದೆಯೇ? ಅಳೆಯುವುದು ಹೇಗೆ?

ವಿಜಯಪುರ_ಫಿಸಿಯೋ:
ಎಲ್ಲರಿಗೂ ನಮಸ್ಕಾರ್ರೀ. ನಾನು ವಿಜಯಪುರದಲ್ಲಿ ಎಂಪಿಟಿ (ಫಿಸಿಯೋಥೆರಪಿಯಲ್ಲಿ ಸ್ನಾತಕೋತ್ತರ) ಓದುತ್ತಿದ್ದೇನೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆಯಿಂದ ಕುತ್ತಿಗೆ ನೋವು, ಹೆಗಲು ನೋವು ಅಂತ ಬರುವ ನೇಕಾರರನ್ನು ನೋಡುತ್ತಲೇ ಇರುತ್ತೇನೆ. ಅವರಲ್ಲಿ ಕೆಲವರು ಕಿವಿಗೆ ಆಕ್ಯುಪಂಕ್ಚರ್ ಮಾಡಿಸಿಕೊಂಡು ಬಂದು "ಹೆಗಲು ಹಗುರ ಆಯ್ತು ಮೇಡಂ" ಅನ್ನುತ್ತಾರೆ. ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ಸ್ನಾಯುವಿನಲ್ಲಿ ನಿಜವಾಗಿ ಏನು ಬದಲಾಯಿತು ಅಂತ ಅಳೆದು ನೋಡಬೇಕು ಅನ್ನುವ ಆಸೆ. ಅದನ್ನೇ ಪ್ರಬಂಧಕ್ಕೆ ವಿಷಯ ಮಾಡಿಕೊಳ್ಳೋಣ ಅಂದುಕೊಂಡಿದ್ದೇನೆ.

ಸದ್ಯದ ಯೋಜನೆ ಇಷ್ಟು. ಹೆಗಲು ನೋವಿರುವ 30 ನೇಕಾರರು. ಕುತ್ತಿಗೆಯಿಂದ ಹೆಗಲಿಗೆ ಹರಡಿರುವ ಟ್ರಪೀಜಿಯಸ್ ಸ್ನಾಯುವಿನ ಮೇಲ್ಭಾಗಕ್ಕೆ ಸರ್ಫೇಸ್ ಇಎಂಜಿ, ಅಂದರೆ ಸ್ನಾಯುವಿನ ವಿದ್ಯುತ್ತನ್ನು ಚರ್ಮದ ಮೇಲಿಂದ ಅಳೆಯುವುದು. ಮೊದಲು ಒಂದು ರೀಡಿಂಗ್, ಆಮೇಲೆ ಕಿವಿಗೆ ಸೂಜಿ ಹಾಕಿ 20 ನಿಮಿಷ ಮಲಗಿಸುವುದು, ಮತ್ತೆ ರೀಡಿಂಗ್. ಮೈಕ್ರೋವೋಲ್ಟ್ ಇಳಿದಿದ್ದರೆ ಸ್ನಾಯು ಸಡಿಲ ಆಗಿದೆ ಅಂತ ತಿಳಿಯುವುದು. ಇಷ್ಟು ಸಾಕಾ?

ಇನ್ನೊಂದು ಪ್ರಶ್ನೆ. ಸಹಪಾಠಿಯೊಬ್ಬಳ ಹೆಗಲಿಗೆ ಯಂತ್ರ ಹಚ್ಚಿ ನೋಡುತ್ತಿದ್ದೇನೆ. ಸೂಜಿ ಗೀಜಿ ಏನೂ ಇಲ್ಲ. ಆದರೂ ದಿನಕ್ಕೊಂದು ಅಂಕಿ ಬರುತ್ತಿದೆ. ಯಾಕೆ ಹೀಗೆ?

ಉದ್ಯಮಬಾಗ_ಬಯೋಮೆಡಿಕಲ್:
ತಂಗಿ, ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅದು ಬಗೆಹರಿಯದೆ ಮೊದಲನೆಯದನ್ನು ಮುಟ್ಟುವ ಹಾಗಿಲ್ಲ.

ಚರ್ಮದ ಮೇಲೆ ಅಂಟಿಸಿದ ಎಲೆಕ್ಟ್ರೋಡಿಗೆ ಸಿಗುವುದು ಸ್ನಾಯುವಿನ ಎಳೆಗಳಲ್ಲಿ ಹುಟ್ಟಿ, ಕೊಬ್ಬು ಮತ್ತು ಚರ್ಮ ದಾಟಿ ಬಂದ ಸಣ್ಣ ವಿದ್ಯುತ್ತು. ದಾರಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಎಲೆಕ್ಟ್ರೋಡ್ ಒಂದು ಸೆಂಟಿಮೀಟರ್ ಸರಿದರೆ, ಚರ್ಮ ಬೆವರಿದರೆ, ಸ್ನಾಯು ಬೆಚ್ಚಗಿದ್ದರೆ ಅಥವಾ ತಣ್ಣಗಿದ್ದರೆ ರೀಡಿಂಗ್ ಬೇರೆ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ನಡೆದು ಬಂದವರನ್ನು ಬಂದ ಕೂಡಲೇ ಅಳೆದು, ಫ್ಯಾನ್ ಕೆಳಗೆ 20 ನಿಮಿಷ ಮಲಗಿಸಿ ಮತ್ತೆ ಅಳೆದರೆ ವ್ಯತ್ಯಾಸ ಬಂದೇ ಬರುತ್ತದೆ. ಅದರಲ್ಲಿ ಸೂಜಿಯ ಪಾಲು ಎಷ್ಟು ಅಂತ ಯಾರು ಹೇಳಬೇಕು?

ಜಾಗದ ವಿಷಯದಲ್ಲಿ ಶಿಸ್ತು ಬೇಕು. ಯುರೋಪಿನವರು 1990ರ ದಶಕದ ಕೊನೆಯಲ್ಲಿ ಸೆನಿಯಾಮ್ ಅನ್ನುವ ಯೋಜನೆಯಲ್ಲಿ ಒಂದೊಂದು ಸ್ನಾಯುವಿಗೂ ಜಾಗ ಗೊತ್ತು ಮಾಡಿದ್ದಾರೆ. ಟ್ರಪೀಜಿಯಸ್ ಮೇಲ್ಭಾಗಕ್ಕೆ ಹೆಗಲ ತುದಿಯ ಅಕ್ರೋಮಿಯನ್ ಮೂಳೆಯಿಂದ, ಕುತ್ತಿಗೆ ಬಗ್ಗಿಸಿದಾಗ ಎದ್ದು ಕಾಣುವ ಸಿ7 ಮೂಳೆಯವರೆಗೆ ಗೆರೆ ಎಳೆಯಿರಿ. ಅದರ ನಡುವೆ ಎಲೆಕ್ಟ್ರೋಡ್, ಎರಡರ ಅಂತರ 20 ಮಿಲಿಮೀಟರ್. ಸರಿಯಾಗಿ ನಡುವೆ ಇಡದೆ 2 ಸೆಂಟಿಮೀಟರ್ ಹೊರಗೆ ಸರಿಸುವವರೂ ಇದ್ದಾರೆ. ನಡುಭಾಗದಲ್ಲಿ ನರ ಬಂದು ಸ್ನಾಯುವಿಗೆ ಸೇರುತ್ತದೆ, ಅಲ್ಲಿ ಸಿಗ್ನಲ್ ಅಸ್ಥಿರ. ಯಾವುದನ್ನು ಆರಿಸಿದರೂ ಕೊನೆಯವರೆಗೆ ಅದನ್ನೇ ಇಟ್ಟುಕೊಳ್ಳಿ. ಅಳಿಸದ ಪೆನ್ನಿನಲ್ಲಿ ಗುರುತು ಹಾಕಿ. ಸೂಜಿಗೆ ಮೊದಲು ಮತ್ತು ಆಮೇಲೆ ಅಳೆಯುವುದು ಒಂದೇ ದಿನವಾದರೆ ಎಲೆಕ್ಟ್ರೋಡ್ ಕೀಳಲೇಬೇಡಿ.

ಕರೆಂಟಿನ 50 ಹರ್ಟ್ಜ್ ಗುಂಯ್ ಸದ್ದು ಇನ್ನೊಂದು ತಲೆನೋವು. ಸದ್ದು ಅಂದರೆ ಇಲ್ಲಿ ಸಿಗ್ನಲ್ಲಿಗೆ ಬೆರೆಯುವ ಬೇಡದ ವಿದ್ಯುತ್ತು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ, ಫ್ಯಾನಿನ ರೆಗ್ಯುಲೇಟರ್ ಹತ್ತಿರ ಕೂರಬೇಡಿ, ಚರ್ಮವನ್ನು ಸ್ಪಿರಿಟ್ ಹಚ್ಚಿ ಚೆನ್ನಾಗಿ ಒರೆಸಿ. ಕೆಲವರು 50 ಹರ್ಟ್ಜ್ ಕತ್ತರಿಸುವ ಫಿಲ್ಟರ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಸ್ನಾಯುವಿನ ಸಿಗ್ನಲ್ ಇರುವುದು ಸುಮಾರು 20ರಿಂದ 450 ಹರ್ಟ್ಜ್ ನಡುವೆ, ಅದರ ದೊಡ್ಡ ಪಾಲು 50ರ ಆಸುಪಾಸಿನಲ್ಲೇ ಇದೆ. ಸದ್ದಿನ ಜೊತೆ ಸಿಗ್ನಲ್ಲೂ ಹೋಗುತ್ತದೆ. ಎಡ ಹೆಗಲಿನಲ್ಲಿ ಹೃದಯದ ಬಡಿತವೂ ಬೆರೆಯುತ್ತದೆ. ಸಾಧ್ಯವಾದರೆ ಬಲಗಡೆ ಅಳೆಯಿರಿ.

ಕೊನೆಯದಾಗಿ, ಬರೀ ಮೈಕ್ರೋವೋಲ್ಟ್ ಬರೆದುಕೊಳ್ಳಬೇಡಿ. ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ ಜೋಳವನ್ನು ಕೂಡಿಸಿದ ಹಾಗಾಗುತ್ತದೆ. ಪ್ರತಿಯೊಬ್ಬರಿಗೂ ಅವರದೇ ಒಂದು ಅಳತೆಗೋಲು ಬೇಕು. ಸಾಮಾನ್ಯವಾಗಿ ಪೂರ್ತಿ ಬಲ ಹಾಕಿಸಿ ಬಂದ ಅಂಕಿಯನ್ನು 100 ಅಂತ ಇಟ್ಟು ಉಳಿದದ್ದನ್ನು ಶೇಕಡಾದಲ್ಲಿ ಹೇಳುತ್ತಾರೆ.

ಗೋಕಾಕ_ಕರದಂಟು:
ನಾನು ವೈದ್ಯ ಅಲ್ಲ, ಸುಮ್ನೆ ಓದುವವನು. ಒಂದೇ ಸಂಶಯ. ಕಿವಿಗೂ ಹೆಗಲಿಗೂ ಏನು ಸಂಬಂಧ ಸರ್? ನಮ್ಮಲ್ಲಿ ಮಕ್ಕಳ ಕಿವಿ ಚುಚ್ಚಿಸುತ್ತಾರೆ, ಅದೂ ಆಕ್ಯುಪಂಕ್ಚರ್ ಅಂತ ಹೇಳುವವರಿದ್ದಾರೆ. ಹೌದಾ?

ಬಾಗಲಕೋಟೆ_ಬಿಎನ್‌ವೈಎಸ್:
ಕಿವಿ ಚುಚ್ಚುವುದು ನಮ್ಮ ಸಂಪ್ರದಾಯ, ಅದರ ಪಾಡಿಗೆ ಅದು ಇರಲಿ. ಅದಕ್ಕೆ ಚಿಕಿತ್ಸೆಯ ಹೆಸರು ಕೊಡುವುದು ಬೇಡ. ಇಂದು ನಾವು ಮಾಡುವ ಕಿವಿಯ ಚಿಕಿತ್ಸೆಯ ನಕ್ಷೆ ಬಂದದ್ದು ಫ್ರಾನ್ಸಿನಿಂದ. 1950ರ ದಶಕದಲ್ಲಿ ಲಿಯಾನ್ ನಗರದ ವೈದ್ಯ ಪಾಲ್ ನೋಜಿಯೆ ಅವರಲ್ಲಿಗೆ ಬರುತ್ತಿದ್ದ ಕೆಲವು ರೋಗಿಗಳ ಕಿವಿಯ ಮೇಲೆ ಸುಟ್ಟ ಕಲೆ ಇರುತ್ತಿತ್ತು. ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಹಳ್ಳಿಯ ಚಿಕಿತ್ಸೆಯವರು ಅಲ್ಲಿ ಬರೆ ಹಾಕಿದ್ದರು. ನಮ್ಮ ಕಡೆಯೂ ಬರೆ ಎಳೆಯುವ ರೂಢಿ ಇತ್ತಲ್ಲ, ಹಾಗೆ. ನೋಜಿಯೆ ಅದನ್ನು ಹಿಂಬಾಲಿಸಿ, ಕಿವಿಯಲ್ಲಿ ತಲೆಕೆಳಗಾಗಿ ಮಲಗಿದ ಮಗುವಿನ ಆಕಾರದಲ್ಲಿ ಇಡೀ ದೇಹದ ನಕ್ಷೆ ಇದೆ ಅಂತ 1957ರಲ್ಲಿ ಪ್ರಕಟಿಸಿದರು. ಚೀನೀಯರು ಅದನ್ನು ತೆಗೆದುಕೊಂಡು ತಮ್ಮದೇ ನಕ್ಷೆ ಬೆಳೆಸಿದರು. ಆ ಪ್ರಕಾರ ಕಿವಿಯ ಹಾಲೆ ತಲೆ ಮತ್ತು ಮುಖಕ್ಕೆ, ಅದರ ಮೇಲಿನ ಒಳಏಣು ಕುತ್ತಿಗೆಗೆ, ಪಕ್ಕದ ತಗ್ಗು ಹೆಗಲು ಮತ್ತು ಕೈಗೆ.

ನಕ್ಷೆಯನ್ನು ಒಪ್ಪಿ, ಬಿಡಿ. ಕಿವಿಗೆ ಬರುವ ನರಗಳನ್ನು ಮಾತ್ರ ಯಾರೂ ಅಲ್ಲಗಳೆಯುವ ಹಾಗಿಲ್ಲ. ಹಾಲೆಗೆ ಮತ್ತು ಹೊರ ಅಂಚಿಗೆ ಬರುವ ನರ ಕುತ್ತಿಗೆಯ ಎರಡನೇ, ಮೂರನೇ ಹಂತದಿಂದ ಹೊರಡುತ್ತದೆ. ಮುಂಭಾಗಕ್ಕೆ ಮುಖದ ಟ್ರೈಜೆಮಿನಲ್ ನರದ ಕವಲು. ಒಳಗಿನ ಬಟ್ಟಲಿಗೆ, ಮಿದುಳಿನಿಂದ ಗಂಟಲು, ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಕವಲು. ಕಿವಿಯೊಳಗೆ ಕಡ್ಡಿ ಹಾಕಿದಾಗ ಕೆಲವರಿಗೆ ಕೆಮ್ಮು ಬರುತ್ತದಲ್ಲ, ಅದು ಈ ವೇಗಸ್ ಕವಲಿನಿಂದಲೇ. ಟ್ರೈಜೆಮಿನಲ್ ನರದ ಸುದ್ದಿ ಹೋಗುವ ಕೇಂದ್ರ ಕುತ್ತಿಗೆಯ ಮೇಲಿನ ಹಂತಗಳವರೆಗೆ ಇಳಿದಿದೆ. ಟ್ರಪೀಜಿಯಸ್‌ನ ನರಕೋಶಗಳೂ ಕುತ್ತಿಗೆಯ ಹುರಿಯಲ್ಲೇ ಇವೆ. ಹಾಗಾಗಿ ಕಿವಿಗೆ ಚುಚ್ಚಿದ್ದು ಹೆಗಲಿಗೆ ಮುಟ್ಟಲು ದಾರಿ ಇದೆ. ದಾರಿ ಇದೆ ಅಂದ ಮಾತ್ರಕ್ಕೆ ಪರಿಣಾಮ ಇದೆ ಅಂತಲ್ಲ, ಅದನ್ನು ಅಳೆದೇ ಹೇಳಬೇಕು. ಅದಕ್ಕೇ ಈ ತಂಗಿಯ ಕೆಲಸದ ಬಗ್ಗೆ ನನಗೆ ಬಹಳ ಖುಷಿ.

ಇಳಕಲ್_ಮಗ್ಗ:
ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕುಣಿ ಮಗ್ಗ. ಹೆಗಲು ನೋವಿನ ಬಗ್ಗೆ ನಾನೂ ಎರಡು ಮಾತು ಹೇಳುತ್ತೇನೆ ಅಕ್ಕಾರ.

ಮಲಗಿದಾಗ ನಮಗೆ ನೋವು ಕಡಿಮೆಯೇ ಇರುತ್ತದೆ. ನೋವು ಬರುವುದು ಮಗ್ಗದ ಮೇಲೆ. ಕಾಲು ತುಳಿಯುತ್ತಿರುತ್ತದೆ, ಒಂದು ಕೈ ಲಾಳಿಯ ಹಗ್ಗ ಎಳೆಯುತ್ತದೆ, ಇನ್ನೊಂದು ಕೈ ಬಡಿಯುತ್ತದೆ, ಕಣ್ಣು ಎಳೆ ಮೇಲೆ. ಆಗ ಹೆಗಲು ತಾನಾಗಿ ಮೇಲೆ ಎದ್ದಿರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಹಾಸಿಗೆ ಮೇಲೆ ಅಳೆದು ಹೆಗಲು ಸಡಿಲ ಆಗಿದೆ ಅಂದರೆ ಅದರಿಂದ ನನಗೇನು ಗೊತ್ತಾಯಿತು? ಮಗ್ಗದ ಮೇಲೆ ಕೂತಾಗ ಅಳೆಯಲು ಬರುತ್ತದೆಯೇ?

ಉದ್ಯಮಬಾಗ_ಬಯೋಮೆಡಿಕಲ್:
ಅಣ್ಣಾರ, ಈ ಚರ್ಚೆಯಲ್ಲಿ ಇದುವರೆಗೆ ಬಂದದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು. ಬರುತ್ತದೆ. ಬರೀ ಬರುವುದಲ್ಲ, ಅಲ್ಲೇ ಅಳೆಯಬೇಕು.

ಮಲಗಿದ ಮನುಷ್ಯನ ಟ್ರಪೀಜಿಯಸ್ ಮೊದಲೇ ಹೆಚ್ಚುಕಮ್ಮಿ ಸುಮ್ಮನಿರುತ್ತದೆ. ಅಲ್ಲಿ ಇಳಿಯಲು ಏನೂ ಉಳಿದಿಲ್ಲ. ಯಂತ್ರದ ಸ್ವಂತ ಸದ್ದನ್ನೇ ಅಳೆದು ಬರೆದುಕೊಳ್ಳುವ ಅಪಾಯ ಇದೆ.

ನಾರ್ವೆಯಲ್ಲಿ ವೀಯರ್‌ಸ್ಟೆಡ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಚಾಕೊಲೇಟ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಹೆಣ್ಣುಮಕ್ಕಳ ಹೆಗಲನ್ನು ಕೆಲಸದ ವೇಳೆಯಲ್ಲೇ ಅಳೆದರು. ಭಾರ ಎತ್ತುವ ಕೆಲಸವಲ್ಲ, ಒಂದೇ ಥರದ ಹಗುರ ಕೆಲಸ. ಅವರು ಹುಡುಕಿದ್ದು ಎಷ್ಟು ಬಲ ಬಿತ್ತು ಅಂತ ಅಲ್ಲ. ಸ್ನಾಯು ಎಷ್ಟು ಸಲ ಪೂರ್ತಿ ಬಿಡುವು ತೆಗೆದುಕೊಂಡಿತು ಅಂತ. ಪೂರ್ತಿ ಬಲದ ಶೇ. 0.5ಕ್ಕಿಂತ ಕೆಳಗೆ, ಕನಿಷ್ಠ 0.2 ಸೆಕೆಂಡು ಇಳಿದರೆ ಅದನ್ನು ಒಂದು ಬಿಡುವು ಅಂತ ಎಣಿಸಿದರು. ಇಂಥ ಸಣ್ಣ ಬಿಡುವು ಕಡಿಮೆ ಇದ್ದವರಿಗೆ ಮುಂದೆ ಹೆಗಲು ನೋವು ಜಾಸ್ತಿ ಬಂದಿತ್ತು.

ಯಾಕೆ ಅಂದರೆ, ಸ್ನಾಯುವಿನಲ್ಲಿ ಎಲ್ಲ ಎಳೆಗಳೂ ಒಟ್ಟಿಗೆ ದುಡಿಯುವುದಿಲ್ಲ. ಹಗುರ ಕೆಲಸಕ್ಕೆ ಸಣ್ಣ ಎಳೆಗಳ ಗುಂಪು ಮೊದಲು ಏಳುತ್ತದೆ, ಕೊನೆಗೆ ಮಲಗುತ್ತದೆ. ಹೆಗಲು ಇಡೀ ದಿನ ಸ್ವಲ್ಪವೇ ಎದ್ದಿದ್ದರೂ ಸಾಕು, ಆ ಗುಂಪಿಗೆ ರಜೆ ಇಲ್ಲ. ನೇಕಾರರ ನೋವಿಗೂ ಇದೇ ವಿವರಣೆ ಹೊಂದಬಹುದು ಅಂತ ನನ್ನ ಅನಿಸಿಕೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಹೀಗೆ ತಿರುಗಿಸಿ ನೋಡಿ: ಕಿವಿಗೆ ಸೂಜಿ ಹಾಕಿಸಿಕೊಂಡ ಮೇಲೆ, ನೇಯುವಾಗ ಹೆಗಲಿನ ಸ್ನಾಯುವಿಗೆ ಬಿಡುವು ಹೆಚ್ಚಾಗುತ್ತದೆಯೇ?

ವಿಜಯಪುರ_ಫಿಸಿಯೋ:
ಸರ್, ಇದು ತುಂಬಾ ಹಿಡಿಸಿತು. ಆದರೆ ಪೂರ್ತಿ ಬಲ ಹಾಕಿ ಅಂದರೆ ನೋವಿರುವವರು ಹಾಕುವುದಿಲ್ಲವಲ್ಲ? ನೋವಿಗೆ ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಆಗ 100 ಅಂತ ಇಟ್ಟದ್ದೇ ತಪ್ಪಾಗುತ್ತದೆ.

ಉದ್ಯಮಬಾಗ_ಬಯೋಮೆಡಿಕಲ್:
ಸರಿಯಾಗಿ ಹಿಡಿದಿರಿ. ಅದಕ್ಕೆ ಪೂರ್ತಿ ಬಲ ಬೇಡ. ಎರಡೂ ಕೈಯನ್ನು ಪಕ್ಕಕ್ಕೆ ಹೆಗಲಿನ ಮಟ್ಟಕ್ಕೆ ಚಾಚಿ ಹಿಡಿಯಲು ಹೇಳಿ. ಕೆಲವು ಸೆಕೆಂಡು ಹಾಗೇ ಇರಲಿ, ನಡುವೆ ವಿಶ್ರಾಂತಿ ಕೊಟ್ಟು ಮೂರು ಸಲ ಮಾಡಿಸಿ ಸರಾಸರಿ ತೆಗೆಯಿರಿ. ಇದನ್ನೇ ಅವರ ಅಳತೆಗೋಲು ಅಂತ ಇಟ್ಟುಕೊಳ್ಳಿ. ಬಿಡುವಿನ ಮಿತಿಯನ್ನು ಇದರ ಶೇಕಡಾ ಎಷ್ಟು ಅಂತ ಮೊದಲೇ ಬರೆದಿಡಬೇಕು, ಡೇಟಾ ನೋಡಿದ ಮೇಲೆ ಅಲ್ಲ. ಮಿತಿ ಬಹಳ ಕೆಳಗಿರುವುದರಿಂದ ಯಂತ್ರದ ಸ್ವಂತ ಸದ್ದನ್ನೂ ಅಳೆದು ಕಳೆಯಬೇಕು. ಆರಾಮಾಗಿ ಕೂತಾಗ ಒಂದು ನಿಮಿಷ ರೆಕಾರ್ಡ್ ಮಾಡಿ, ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಬಂದ ತುಣುಕನ್ನು ತೆಗೆದುಕೊಳ್ಳಿ.

ಯಂತ್ರದ ಬಗ್ಗೆಯೂ ಒಂದು ಮಾತು. ಅಗ್ಗದ ಕೆಲವು ಸೆನ್ಸರ್‌ಗಳು ಸಿಗ್ನಲನ್ನು ನಯ ಮಾಡಿ, ಮೇಲಿನ ಗೆರೆಯನ್ನಷ್ಟೇ ಕೊಡುತ್ತವೆ. ಅದರಿಂದ ಬಿಡುವು ಎಣಿಸಲು ಹೋಗಬೇಡಿ. ಸೆಕೆಂಡಿಗೆ ಕನಿಷ್ಠ 1000 ಸಲ ಅಳೆದ ಕಚ್ಚಾ ಸಿಗ್ನಲ್ ಕೊಡುವ ಯಂತ್ರವೇ ಬೇಕು.

ಬೆಳಗಾವಿ_ನರಶಾಸ್ತ್ರ:
ನಾನು ಸ್ವಲ್ಪ ಕಟುವಾಗಿ ಮಾತಾಡುತ್ತೇನೆ, ಬೇಸರ ಬೇಡ. 1984ರಲ್ಲಿ ಮೆಲ್ಜಾಕ್ ಮತ್ತು ಕ್ಯಾಟ್ಜ್ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮೆಲ್ಜಾಕ್ ಅಂದರೆ ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ಬಾಗಿಲಿನ ಹಾಗೆ ತಡೆಯಬಹುದು ಅನ್ನುವ ಗೇಟ್ ಸಿದ್ಧಾಂತವನ್ನು ಕೊಟ್ಟ ಇಬ್ಬರಲ್ಲಿ ಒಬ್ಬರು. ಬಹಳ ಕಾಲದಿಂದ ನೋವಿದ್ದ 36 ಜನರಿಗೆ ಕಿವಿಯ ಸರಿಯಾದ ಬಿಂದುವಿಗೆ ಚರ್ಮದ ಮೇಲಿಂದ ಕರೆಂಟ್, ಸಂಬಂಧವಿಲ್ಲದ ಬಿಂದುವಿಗೆ ಕರೆಂಟ್, ಮತ್ತು ಕರೆಂಟೇ ಇಲ್ಲದ ಸುಳ್ಳು ಚಿಕಿತ್ಸೆ, ಮೂರನ್ನೂ ಕೊಟ್ಟು ನೋಡಿದರು. ಫಲಿತಾಂಶದಲ್ಲಿ ವ್ಯತ್ಯಾಸ ಸಿಗಲಿಲ್ಲ. ಅಂದರೆ ಮೊದಲು-ಆಮೇಲೆ ಅಂತ ಎರಡೇ ರೀಡಿಂಗ್ ತೆಗೆದಿದ್ದರೆ ಮೂರೂ ಕೆಲಸ ಮಾಡುತ್ತವೆ ಅಂತ ಕಂಡಿರುತ್ತಿತ್ತು.

ನಿಮ್ಮ ಮೊದಲ ಯೋಜನೆಯಲ್ಲಿ 20 ನಿಮಿಷ ಮಲಗುವುದೇ ದೊಡ್ಡ ಚಿಕಿತ್ಸೆ. ಬೆಳಗಿನಿಂದ ಕೂತು ನೇಯ್ದ ಮನುಷ್ಯನನ್ನು ತಂಪು ಕೋಣೆಯಲ್ಲಿ ಮಲಗಿಸಿ, ಯಾರೋ ಪ್ರೀತಿಯಿಂದ ವಿಚಾರಿಸಿದರೆ ಯಾರ ಹೆಗಲೂ ಇಳಿಯುತ್ತದೆ. ಇನ್ನೊಂದು, ಜನ ನೋವು ತೀರಾ ಹೆಚ್ಚಾದ ದಿನ ನಿಮ್ಮ ಹತ್ತಿರ ಬರುತ್ತಾರೆ. ತೀರಾ ಹೆಚ್ಚಾದದ್ದು ಯಾವ ಚಿಕಿತ್ಸೆ ಇಲ್ಲದಿದ್ದರೂ ಸ್ವಲ್ಪ ಇಳಿಯುವುದೇ ರೂಢಿ.

ಇನ್ನೂ ಒಂದು ಸೂಕ್ಷ್ಮ ಇದೆ. ಕೆಲವರು ಇಎಂಜಿ ಬದಲು ಎಚ್-ರಿಫ್ಲೆಕ್ಸ್ ಅಳೆಯುತ್ತಾರೆ. ಮೊಣಕಾಲಿನ ಹಿಂದೆ ನರಕ್ಕೆ ಸಣ್ಣ ಕರೆಂಟ್ ಕೊಟ್ಟರೆ ಸುಮಾರು 30 ಮಿಲಿಸೆಕೆಂಡಿನಲ್ಲಿ ಮೀನಖಂಡದ ಸ್ನಾಯು ಉತ್ತರ ಕೊಡುತ್ತದೆ. ಬೆನ್ನುಹುರಿ ಎಷ್ಟು ಚುರುಕಾಗಿದೆ ಅಂತ ಅದರಿಂದ ತಿಳಿಯುತ್ತದೆ. ಜರ್ಮನಿಯ ಪಾಲ್ ಹಾಫ್‌ಮನ್ 1910ರಲ್ಲಿ ವಿವರಿಸಿದ ವಿಧಾನ. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ನರದ ವೇಗ ಅಳೆಯುವ ಯಂತ್ರದಲ್ಲೇ ಇದನ್ನು ಮಾಡಬಹುದು. ಆದರೆ ಹಲ್ಲು ಕಚ್ಚಿದರೂ ಈ ರಿಫ್ಲೆಕ್ಸ್ ಏರುತ್ತದೆ. ಕಿವಿಗೆ ಸೂಜಿ ಚುಚ್ಚಿದಾಗ ಹಲ್ಲು ಕಚ್ಚದವರು ಯಾರು? ಕಿವಿಯ ಚರ್ಮ ತೆಳು, ಕೆಳಗೆ ಎಲುವಿನಂಥ ಮೆದು ಭಾಗ, ಚುಚ್ಚಿದರೆ ಜೋರು ನೋವು. ಹಾಗಾಗಿ ಸೂಜಿ ಹಾಕಿದ ಮೊದಲ ನಿಮಿಷಗಳ ರೀಡಿಂಗ್ ಮೇಲೆ ಏನೂ ಕಟ್ಟಬೇಡಿ. ಹೆಗಲಿನ ಇಎಂಜಿಗೂ ಇದೇ ಮಾತು. ಚುಚ್ಚಿದಾಗ ಎಲ್ಲರೂ ಹೆಗಲು ಎತ್ತುತ್ತಾರೆ.

ಬಾಗಲಕೋಟೆ_ಬಿಎನ್‌ವೈಎಸ್:
ಡಾಕ್ಟ್ರೇ, ನೀವು ಹೇಳಿದ ಪ್ರಯೋಗವನ್ನು ಒಪ್ಪುತ್ತೇನೆ. ಆದರೆ ಒಂದು ಮಾತು ನನ್ನದೂ ಇದೆ. ಕಿವಿ ಇಡೀ ಒಂದು ಅಂಗೈ ಅಗಲವೂ ಇಲ್ಲ. ತಪ್ಪು ಬಿಂದು ಅಂತ ಒಂದು ಬೆರಳು ಪಕ್ಕಕ್ಕೆ ಚುಚ್ಚಿದರೆ ಅದೇ ನರಕ್ಕೇ ಚುಚ್ಚಿದ ಹಾಗೆ. ಆಗ ಎರಡೂ ಒಂದೇ ಕೆಲಸ ಮಾಡಿದರೆ ಕಿವಿಯ ಚಿಕಿತ್ಸೆ ಸುಳ್ಳು ಅಂತಲೋ, ಬಿಂದು ಎಲ್ಲಿದ್ದರೂ ನಡೆಯುತ್ತದೆ ಅಂತಲೋ? ಈ ಪ್ರಯೋಗ ಎರಡನ್ನೂ ಬೇರೆ ಮಾಡುವುದಿಲ್ಲ.

ಬೆಳಗಾವಿ_ನರಶಾಸ್ತ್ರ:
ಒಪ್ಪಿದೆ. ಅದಕ್ಕೇ ಮೂರನೆಯ ಗುಂಪು ಬೇಕು ಅನ್ನುವುದು: ಸೂಜಿಯೇ ಇಲ್ಲದೆ ಅಷ್ಟೇ ಹೊತ್ತು ಮಲಗುವುದು. ಸರಿಯಾದ ಬಿಂದು, ಬೇರೆ ನರದ ಬಿಂದು, ಬರೀ ವಿಶ್ರಾಂತಿ. ಬಿಂದುವಿನ ಮಾತು ಬೇರೆ, ಸೂಜಿಯ ಮಾತು ಬೇರೆ, ಮಲಗಿದ್ದರ ಮಾತು ಬೇರೆ ಅಂತ ಆಗ ಬಿಡಿಸಿ ಹೇಳಬಹುದು. ನೀವು ಬಿಂದು ಆರಿಸಿಕೊಡಿ. ನಕ್ಷೆಯ ಹೆಗಲು ಬಿಂದುವಿಗೆ ಎದುರಾಗಿ, ವೇಗಸ್ ಬಟ್ಟಲಿನಲ್ಲಿ ಹೆಗಲಿಗೆ ಸಂಬಂಧವಿಲ್ಲದ ಒಂದು ಬಿಂದು ಇರಲಿ.

ಬಾಗಲಕೋಟೆ_ಬಿಎನ್‌ವೈಎಸ್:
ಆಗಲಿ. ಸೂಜಿ ಹಾಕಲು ನಾನೇ ಬರುತ್ತೇನೆ. ಒಬ್ಬರ ಕೈಯೇ ಆದರೆ ಒಳ್ಳೆಯದು.

ಮುಧೋಳ_ಗರಡಿ:
ಕುಸ್ತಿಗೆ ಮುಂಚೆ ಸೂಜಿಯ ಬದಲು ಕಿವಿಯ ಬಿಂದುವಿನ ಮೇಲೆ ಪಟ್ಟಿಯಿಂದ ಸಣ್ಣ ಬೀಜ ಅಂಟಿಸಿಕೊಂಡರೆ ಬಲ ಹೆಚ್ಚಾಗುತ್ತದೆ ಅಂತ ಒಬ್ಬರು ಹೇಳಿದರು. ಇಎಂಜಿಯಲ್ಲಿ ಅದು ಗೊತ್ತಾಗುತ್ತದೆಯೇ?

ವಿಜಯಪುರ_ಫಿಸಿಯೋ:
ಇಲ್ಲ ಅಣ್ಣಾ. ಇಎಂಜಿ ಬಲ ಅಳೆಯುವುದಿಲ್ಲ. ದಣಿದ ಸ್ನಾಯು ಅದೇ ಭಾರಕ್ಕೆ ಜಾಸ್ತಿ ಸಿಗ್ನಲ್ ಕೊಡುತ್ತದೆ, ಬಲ ಮಾತ್ರ ಹೆಚ್ಚಿರುವುದಿಲ್ಲ. ಬಲ ನೋಡಬೇಕಾದರೆ ಡೈನಮೋಮೀಟರ್ ಹಿಡಿಸಿ ಕಿಲೋ ಲೆಕ್ಕದಲ್ಲಿ ನೋಡಬೇಕು. ಅದೂ ಅಂಟಿಸಿದ್ದು ನಿಜವಾದ ಬೀಜವೋ ಬರೀ ಪಟ್ಟಿಯೋ ಅಂತ ನಿಮಗೆ ಗೊತ್ತಿರಬಾರದು. ಬಲ ಬರುತ್ತದೆ ಅಂತ ನಂಬಿದವರು ಜಾಸ್ತಿ ಒತ್ತುತ್ತಾರೆ.

ಜಮಖಂಡಿ_ಲೆಕ್ಕದ_ಮೇಷ್ಟ್ರು:
ತಡವಾಗಿ ಬಂದೆ. 30 ಜನ ಅಂತ ಯಾವ ಲೆಕ್ಕದಲ್ಲಿ ಹೇಳಿದಿರಿ ಅಮ್ಮಾ? ನಮ್ಮಲ್ಲಿ ಪ್ರಬಂಧ ಅಂದರೆ 30 ಅನ್ನುವುದು ಒಂದು ರೂಢಿ ಆಗಿಬಿಟ್ಟಿದೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಹುಡುಗರು ವರ್ಷಗಟ್ಟಲೆ ಕಷ್ಟಪಟ್ಟು ಕೊನೆಗೆ ವ್ಯತ್ಯಾಸ ಇದೆ ಅಂತಲೂ ಇಲ್ಲ ಅಂತಲೂ ಹೇಳಲಾಗದೆ ನಿಲ್ಲುತ್ತಾರೆ.

ಬೇರೆ ಬೇರೆ ಜನರ ಎರಡು ಗುಂಪು ಮಾಡಿ, ಮಧ್ಯಮ ಮಟ್ಟದ ವ್ಯತ್ಯಾಸ ಹಿಡಿಯಬೇಕಾದರೆ ಒಂದೊಂದು ಗುಂಪಿಗೆ 64 ಜನ ಬೇಕು. ಇದು ಶೇ. 80 ಶಕ್ತಿ (ವ್ಯತ್ಯಾಸ ಇದ್ದರೆ ಅದನ್ನು ಹಿಡಿಯುವ ಸಾಧ್ಯತೆ), ಶೇ. 5ರ ಮಿತಿ (ಇಲ್ಲದ ವ್ಯತ್ಯಾಸವನ್ನು ಇದೆ ಅನ್ನುವ ಸಾಧ್ಯತೆ) ಇಟ್ಟ ಲೆಕ್ಕ, ವ್ಯತ್ಯಾಸ ಅಂದರೆ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ). 0.8ರಷ್ಟು ದೊಡ್ಡ ವ್ಯತ್ಯಾಸ ಇದ್ದರೆ 26 ಸಾಕು. ಅಷ್ಟು ದೊಡ್ಡದು ಇರುತ್ತದೆ ಅಂತ ಮೊದಲೇ ಅಂದುಕೊಳ್ಳುವುದು ಅತಿ ಆಸೆ.

ಅದೇ ಒಬ್ಬರಿಗೇ ಎಲ್ಲ ಚಿಕಿತ್ಸೆ ಕೊಟ್ಟು ಅವರನ್ನು ಅವರ ಜೊತೆಗೇ ಹೋಲಿಸಿದರೆ, ಮಧ್ಯಮ ವ್ಯತ್ಯಾಸಕ್ಕೆ 34 ಜನ ಸಾಕು. ಒಬ್ಬರ ಚರ್ಮ, ಕೊಬ್ಬು, ನೇಯುವ ರೀತಿ ಎಲ್ಲ ಒಂದೇ ಇರುತ್ತದಲ್ಲ. ಮೂರು ಸ್ಥಿತಿ ಅಂದರೆ ಕೊಡುವ ಕ್ರಮ ಆರು ಥರ ಆಗುತ್ತದೆ. ಒಂದು ಕ್ರಮಕ್ಕೆ ಏಳು ಜನರಂತೆ 42 ಜನರನ್ನು ಸೇರಿಸಿ. ಕೆಲವರು ನಡುವೆ ಬಿಟ್ಟರೂ 34ಕ್ಕೆ ಕೊರತೆ ಆಗದು. ಯಾರಿಗೆ ಯಾವ ಕ್ರಮ ಅನ್ನುವುದನ್ನು ಕಂಪ್ಯೂಟರ್ ತೆಗೆಯಲಿ, ಮುಚ್ಚಿದ ಲಕೋಟೆಯಲ್ಲಿ ಇರಲಿ. ಎರಡು ಚಿಕಿತ್ಸೆಗಳ ನಡುವೆ ಒಂದು ವಾರ ಬಿಡುವು. ಇದಕ್ಕಾಗಿಯೇ ಅಂಟಿಸುವ ಬೀಜ ಬೇಡ. ಅದು ದಿನಗಟ್ಟಲೆ ಕಿವಿಯಲ್ಲೇ ಇದ್ದು ಮುಂದಿನ ವಾರದ ಲೆಕ್ಕ ಕೆಡಿಸುತ್ತದೆ. 20 ನಿಮಿಷ ಇಟ್ಟು ತೆಗೆಯುವ ಸೂಜಿಯೇ ಸರಿ.

ಇಎಂಜಿಯಿಂದ ಹತ್ತಾರು ಅಂಕಿ ತೆಗೆಯಬಹುದು. ಯಾವುದೋ ಒಂದರಲ್ಲಿ ಆಕಸ್ಮಿಕವಾಗಿ ವ್ಯತ್ಯಾಸ ಬಂದೇ ಬರುತ್ತದೆ. ಅದಕ್ಕೆ ಮುಖ್ಯ ಅಳತೆ ಒಂದೇ ಇರಲಿ, ಮುಖ್ಯ ಹೋಲಿಕೆಯೂ ಒಂದೇ ಇರಲಿ. ಎರಡನ್ನೂ ಸಿಟಿಆರ್‌ಐ ಅನ್ನುವ ನಮ್ಮ ದೇಶದ ಪ್ರಯೋಗಗಳ ನೋಂದಣಿಯಲ್ಲಿ, ಮೊದಲ ವ್ಯಕ್ತಿಯನ್ನು ಸೇರಿಸುವ ಮುಂಚೆಯೇ ಬರೆಯಿರಿ. 2007ರಿಂದ ಇದೆ, ದುಡ್ಡು ಕೊಡಬೇಕಿಲ್ಲ.

ಇಳಕಲ್_ಮಗ್ಗ:
ಮೇಷ್ಟ್ರು ಹೇಳಿದ್ದು ಅರ್ಧ ಅರ್ಥ ಆಯ್ತು, ಅರ್ಧ ಇಲ್ಲ. ಆದರೆ ಮಗ್ಗದ ಕಡೆಯಿಂದ ಒಂದು ವಿಷಯ. ಸೀರೆಯ ಒಡಲು ನೇಯುವಾಗ ಕೈಗೆ ಒಂದೇ ಲಯ. ತೋಪು ತೆನಿ ವಿನ್ಯಾಸದ ಸೆರಗು ಬಂದಾಗ ಪೂರ್ತಿ ಬೇರೆ ಕೆಲಸ, ನಿಲ್ಲುವುದು, ನೋಡುವುದು, ಎಳೆ ಬದಲಿಸುವುದು. ಒಡಲಿಗೆ ಸೆರಗು ಜೋಡಿಸಲು ಕೊಂಡಿ ಹಾಕುವಾಗಂತೂ ಮಗ್ಗ ನಡೆಯುವುದೇ ಇಲ್ಲ, ಒಂದೊಂದು ಎಳೆಯನ್ನೂ ಕೈಯಲ್ಲೇ ಸೇರಿಸುತ್ತೇವೆ. ನೀವು ಒಂದು ವಾರ ಒಡಲಿನಲ್ಲಿ ಅಳೆದು, ಇನ್ನೊಂದು ವಾರ ಸೆರಗಿನಲ್ಲಿ ಅಳೆದರೆ ಹೆಗಲಿನ ಬಿಡುವು ಸೂಜಿಯಿಂದ ಬದಲಾಯಿತೋ ಸೆರಗಿನಿಂದಲೋ?

ಜಮಖಂಡಿ_ಲೆಕ್ಕದ_ಮೇಷ್ಟ್ರು:
ನೀವು ಅರ್ಧ ಅಲ್ಲ, ಪೂರ್ತಿ ಅರ್ಥ ಮಾಡಿಕೊಂಡಿದ್ದೀರಿ. ನಾನು ಕ್ಲಾಸಿನಲ್ಲಿ ಹೇಳಬೇಕಾದದ್ದು ಇದೇ.

ವಿಜಯಪುರ_ಫಿಸಿಯೋ:
ಒಡಲು ನೇಯುವಾಗ ಮಾತ್ರ ಅಳೆಯುತ್ತೇನೆ ಅಣ್ಣಾರ. ಒಬ್ಬರಿಗೆ ಮೂರೂ ವಾರ ಒಂದೇ ನೂಲು, ಒಂದೇ ಮಗ್ಗ. ನಿಮ್ಮಂಥವರು ಹೇಳದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಇನ್ನೊಂದು ತೊಡಕು. ಇಎಂಜಿ ತೆಗೆಯುವವರಿಗೆ ಯಾರಿಗೆ ಸೂಜಿ ಬಿತ್ತು ಅಂತ ಗೊತ್ತಾಗಬಾರದಲ್ಲ. ಸೂಜಿ ತೆಗೆದ ಮೇಲೂ ಕಿವಿ ಕೆಂಪಾಗಿರುತ್ತದೆ.

ಗೋಕಾಕ_ಕರದಂಟು:
ಹೆಂಗಸರು ತಲೆ ಮೇಲೆ ಸೆರಗು ಹೊದ್ದರೆ ಕಿವಿ ಮುಚ್ಚುತ್ತದೆ, ಗಂಡಸರಿಗೆ ಟವೆಲ್ ಸುತ್ತಿ. ನಮ್ಮ ಕಡೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ.

ಬೆಳಗಾವಿ_ನರಶಾಸ್ತ್ರ:
ಬಹಳ ಸರಿ. ಬರೀ ಮಲಗಿದವರಿಗೂ ಹಾಗೆಯೇ ಮುಚ್ಚಬೇಕು. ಮಲಗುವ ಕೋಣೆ ಬೇರೆ, ಅಳೆಯುವ ಜಾಗ ಬೇರೆ ಇರಲಿ. ನೇಕಾರರಿಗೂ ಎರಡು ಸೂಜಿಯಲ್ಲಿ ಯಾವುದು ಹೆಗಲಿನದು ಅಂತ ಹೇಳಬಾರದು. ಕೊನೆಯಲ್ಲಿ ಅವರನ್ನೇ ಕೇಳಿ, ಯಾವ ವಾರ ನಿಜವಾದ ಬಿಂದು ಅಂತ ನಿಮಗೆ ಅನಿಸಿತು ಅಂತ. ಬಹಳ ಜನ ಸರಿಯಾಗಿ ಊಹಿಸಿದ್ದರೆ ಮುಚ್ಚಿಟ್ಟದ್ದು ಕೆಲಸ ಮಾಡಿಲ್ಲ ಅಂತ. ಅದನ್ನೂ ಪ್ರಬಂಧದಲ್ಲಿ ಬರೆಯಬೇಕು.

ಸುರಕ್ಷತೆ ಮರೆಯಬೇಡಿ. ಕಿವಿಯ ಮೆದು ಎಲುಬಿಗೆ ರಕ್ತದ ಓಡಾಟ ಕಡಿಮೆ. ಸೋಂಕು ಹಿಡಿದರೆ ವಾಸಿ ಆಗುವುದು ಕಷ್ಟ, ಕಿವಿಯ ಆಕಾರವೇ ಕೆಡಬಹುದು. ಒಮ್ಮೆ ಬಳಸಿ ಬಿಸಾಡುವ ಸೂಜಿ ಮಾತ್ರ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಪೇಸ್‌ಮೇಕರ್ ಅಥವಾ ಹೃದಯದ ಕವಾಟದ ತೊಂದರೆ ಇರುವವರು ಬೇಡ. ಮಲಗಿಸಿಯೇ ಚುಚ್ಚಿ, ಕೂತಲ್ಲಿ ತಲೆಸುತ್ತಿ ಬೀಳುವವರಿದ್ದಾರೆ.

ಇಳಕಲ್_ಮಗ್ಗ:
ಕೂಲಿಯ ಮಾತು ಯಾರೂ ಎತ್ತಲಿಲ್ಲ. ನಮಗೆ ಸೀರೆ ಲೆಕ್ಕದಲ್ಲಿ ದುಡ್ಡು. ಒಬ್ಬರು ಮೂರು ಸಲ ಅರ್ಧ ಅರ್ಧ ದಿನ ಬಿಟ್ಟು ಬಂದರೆ ಆ ವಾರದ ಸಂತೆಗೆ ತೊಂದರೆ. ಬರುತ್ತೇವೆ ಅಂತ ಹೇಳಿ ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ.

ವಿಜಯಪುರ_ಫಿಸಿಯೋ:
ಇದನ್ನು ನೈತಿಕ ಸಮಿತಿಯ ಅರ್ಜಿಯಲ್ಲೇ ಬರೆಯುತ್ತೇನೆ. ಕಳೆದ ಹೊತ್ತಿನ ಕೂಲಿ ಮತ್ತು ಊಟ. ನಾವೇ ಯಂತ್ರ ಹೊತ್ತುಕೊಂಡು ನಿಮ್ಮ ಓಣಿಗೆ ಬರುತ್ತೇವೆ, ನೀವು ಆಸ್ಪತ್ರೆಗೆ ಬರುವುದು ಬೇಡ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಓದಲು ಬರದವರಿಗೆ ಸಾಕ್ಷಿಯ ಮುಂದೆ ಓದಿ ಹೇಳುತ್ತೇವೆ. ಬೇಡ ಅನಿಸಿದ ದಿನ ಬಿಡಬಹುದು ಅನ್ನುವುದೂ ಅದರಲ್ಲಿ ಇರುತ್ತದೆ.

ಇಷ್ಟು ಮಾತಿನ ಮೇಲೆ ಯೋಜನೆ ಹೀಗೆ ಬದಲಾಗಿದೆ. 42 ನೇಕಾರರು, ಒಬ್ಬರಿಗೆ ಮೂರು ಭೇಟಿ, ವಾರದ ಅಂತರ. ಪ್ರತಿ ಸಲ ಮೊದಲು ಕೈ ಚಾಚಿಸಿ ಅಳತೆಗೋಲಿನ ರೀಡಿಂಗ್, ನಂತರ 15 ನಿಮಿಷ ಒಡಲು ನೇಯುವಾಗ ಇಎಂಜಿ. ಆಮೇಲೆ 20 ನಿಮಿಷ ಮಲಗುವುದು, ಲಕೋಟೆಯಲ್ಲಿ ಬಂದ ಪ್ರಕಾರ ಹೆಗಲು ಬಿಂದು, ಬೇರೆ ಬಿಂದು ಅಥವಾ ಸೂಜಿಯೇ ಇಲ್ಲ. ಎದ್ದು 10 ನಿಮಿಷ ಕೂತು, ಮತ್ತೆ 15 ನಿಮಿಷ ಅದೇ ಮಗ್ಗದಲ್ಲಿ ನೇಯುವುದು. ಎಲೆಕ್ಟ್ರೋಡ್ ಕೀಳುವುದಿಲ್ಲ. ಮುಖ್ಯ ಅಳತೆ ನಿಮಿಷಕ್ಕೆ ಎಷ್ಟು ಬಿಡುವು ಅನ್ನುವುದು. ಮುಖ್ಯ ಹೋಲಿಕೆ ಹೆಗಲು ಬಿಂದು ಮತ್ತು ಬೇರೆ ಬಿಂದುವಿನ ನಡುವೆ. ನೋವು ಎಷ್ಟು ಅಂತ 0ರಿಂದ 10ರವರೆಗೆ ಅವರೇ ಹೇಳುವ ಅಂಕಿಯನ್ನೂ ಬರೆದುಕೊಳ್ಳುತ್ತೇನೆ.

ಒಂದು ಕೊನೆಯ ಗೊಂದಲ. ನೋವು ಇಳಿದು, ಬಿಡುವು ಬದಲಾಗದಿದ್ದರೆ?

ಬೆಳಗಾವಿ_ನರಶಾಸ್ತ್ರ:
ಹಾಗೆಯೇ ಬರೆಯಿರಿ. ನೋವು ಮತ್ತು ಸ್ನಾಯುವಿನ ಚಟುವಟಿಕೆ ಒಟ್ಟಿಗೇ ಏರಿ ಇಳಿಯಬೇಕು ಅಂತ ನಿಯಮವೇನೂ ಇಲ್ಲ. ನೋವಿದ್ದಾಗ ಕೆಲವರ ಸ್ನಾಯು ಬಿಗಿಯುತ್ತದೆ, ಕೆಲವರದು ಕೆಲಸದಿಂದ ಹಿಂದೆ ಸರಿಯುತ್ತದೆ. ಹಾಗಾಗಿ ಇಎಂಜಿ ಇಳಿದರೆ ಒಳ್ಳೆಯದು, ಏರಿದರೆ ಕೆಟ್ಟದ್ದು ಅಂತ ಮೊದಲೇ ತೀರ್ಮಾನ ಮಾಡಬೇಡಿ. ನೋವು ಇಳಿದದ್ದು ಮಿದುಳಿನ ಮಟ್ಟದಲ್ಲಿ ಇರಬಹುದು, ಹೆಗಲಿನಲ್ಲಿ ಏನೂ ಆಗದೆ. ಅದೂ ತಿಳಿಯಬೇಕಾದ ವಿಷಯವೇ.

ಬಾಗಲಕೋಟೆ_ಬಿಎನ್‌ವೈಎಸ್:
ಮೂರೂ ಒಂದೇ ಅಂತ ಬಂದರೂ ಪ್ರಕಟಿಸಿ ತಂಗಿ. ನನ್ನ ರೋಗಿಗಳಿಗೆ ನಾನು ಏನು ಹೇಳಬೇಕು ಅನ್ನುವುದು ಅದರ ಮೇಲೆ ನಿಂತಿದೆ. ವಿಶ್ರಾಂತಿಯೇ ಸಾಕು ಅಂತ ಆದರೆ ಸೂಜಿಗೆ ದುಡ್ಡು ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಉದ್ಯಮಬಾಗ_ಬಯೋಮೆಡಿಕಲ್:
ಕಚ್ಚಾ ಫೈಲ್‌ಗಳನ್ನು ಅಳಿಸಬೇಡಿ, ಎರಡು ಕಡೆ ಇಡಿ. ಫೈಲಿನ ಹೆಸರಿನಲ್ಲಿ ಚಿಕಿತ್ಸೆ ಯಾವುದು ಅಂತ ಇರಬಾರದು, ನಂಬರ್ ಮಾತ್ರ. ಬಿಡುವು ಎಣಿಸುವ ಪ್ರೋಗ್ರಾಂ ನಾನು ಬರೆದುಕೊಡುತ್ತೇನೆ, ನಂಬರ್ ನೋಡಿ ಎಣಿಸಿದ ಮೇಲಷ್ಟೇ ಲಕೋಟೆ ಒಡೆಯೋಣ.

ಇಳಕಲ್_ಮಗ್ಗ:
ಮೊದಲು ನನ್ನ ಮಗ್ಗದಲ್ಲಿ ಯಂತ್ರ ಹಚ್ಚಿ ನೋಡಿ ಅಕ್ಕಾರ. ವೈರು ಲಾಳಿಯ ಹಗ್ಗಕ್ಕೆ ಸಿಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಸದ್ಯ ಒಡಲು ನಡೆಯುತ್ತಿದೆ.

ವಿಜಯಪುರ_ಫಿಸಿಯೋ:
ಸಮಿತಿ ಒಪ್ಪಿಗೆ ಕೊಟ್ಟ ಕೂಡಲೇ ಬರುತ್ತೇನೆ ಅಣ್ಣಾರ. ವೈರನ್ನು ಬೆನ್ನಿನ ಮೇಲಿಂದ ಇಳಿಸಿ ಸೊಂಟಕ್ಕೆ ಕಟ್ಟಲು ಬಟ್ಟೆಯ ಪಟ್ಟಿ ತರುತ್ತೇನೆ. ಸಿಟಿಆರ್‌ಐ ನಂಬರ್ ಸಿಕ್ಕ ದಿನ ಇಲ್ಲೇ ಹಾಕುತ್ತೇನೆ.